ಬೂದಿ ಮುಚ್ಚಿದ ನೀರು

ಹದಿನೆಂಟು ಲಾರಿ ಮಣ್ಣು ಬೇಕಾಗುತ್ತದೆ ಎಂದು ಭಾವ ಹೇಳಿದ್ದು ಊಟಕ್ಕೆ ಕೂತಾಗ, ಉಪ್ಪು ಕಡಿಮೆಯಾಯಿತು ಎನ್ನುವಷ್ಟೇ ಸಲೀಸಾಗಿ. ಈಜುಕೊಳ ಮುಚ್ಚಿಸಿ, ಸಮತಟ್ಟು ಮಾಡಿಸಿ, ಮೇಲೆ ಹುಲ್ಲು ಬೆಳೆಸಿ ಜೇನುಪೆಟ್ಟಿಗೆ ಇಡಿಸುತ್ತಾನಂತೆ. ಗುಡ್ಡದ ಮೇಲಿನ ಪೆಟ್ಟಿಗೆಗಳನ್ನು ನೋಡಲು ದಿನಾ ಜೀಪಿನಲ್ಲಿ ಕುಲುಕಿಕೊಂಡು ಹೋಗುವ ವಯಸ್ಸು ತನ್ನದಲ್ಲವಂತೆ. ಬಾಮೈದ ತಟ್ಟೆಯಿಂದ ತಲೆ ಎತ್ತಲಿಲ್ಲ. ಲಾರಿಯವನಿಗೆ ಹೇಳಿಯಾಗಿದೆ, ತಿಂಗಳ ಕೊನೆಗೆ ಬರುತ್ತಾನೆ ಎಂದು ಭಾವ ಎದ್ದು ಕೈ ತೊಳೆದುಕೊಂಡ. ಒಳಗೆ ಹೋಗುವಾಗ ಬಾಮೈದನ ಬೆನ್ನು ತಟ್ಟಿ, "ನೀನಿನ್ನು ಬೇರೆ ಕೊಳ ಹುಡ್ಕೋಬೇಕು ಕಣೋ ಕಪ್ಪೆ" ಎಂದ.

ಕಪ್ಪೆ ಎಂಬುದು ಭಾವ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವವನು, ಆದರೂ ಈಜು ಬಾರದವನು. ಅಂಥವನಿಗೆ ಇನ್ನೇನು ಹೆಸರಿಡುವುದು ಎಂದು ಬಂದ ನೆಂಟರೆಲ್ಲರ ಮುಂದೆ ನಗುತ್ತಿದ್ದ. ನೆಂಟರೂ ನಗುತ್ತಿದ್ದರು. ಬಾಮೈದನೂ ನಗುತ್ತಿದ್ದ, ಅದೇ ಅವನಿಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ.

ಕೊಳ ಅಕ್ಕನದು. ಮದುವೆಯಾಗಿ ಬಂದ ವರ್ಷವೇ ಹಟ ಹಿಡಿದು ಕಟ್ಟಿಸಿದ್ದಳು. ಬೀದಿಯ ಮಕ್ಕಳಿಂದ ಹಿಡಿದು ಮೊಣಕಾಲು ನೋವಿನ ಅಜ್ಜಿಯರವರೆಗೆ ಎಲ್ಲರಿಗೂ ಈಜು ಕಲಿಸಿದಳು, ಗಂಡ ಮತ್ತು ತಮ್ಮ ಇಬ್ಬರನ್ನು ಬಿಟ್ಟು. ಗಂಡನಿಗೆ ನೀರೆಂದರೆ ಅಸಡ್ಡೆ, ತಮ್ಮನಿಗೆ ಭಯ. ಎಲ್ಲೂ ನೆಲೆ ಕಾಣದೆ ಬಂದ ತಮ್ಮನನ್ನು ಅವಳು ನೀರಿಗೆ ಇಳಿ ಎನ್ನಲಿಲ್ಲ, ನೀರು ನೋಡಿಕೋ ಎಂದಳು. ಒಂಬತ್ತು ಅಡಿ ಆಳದ ಮೂಲೆಗೆ ಒಂದು ನಾಣ್ಯ ಹಾಕಿ, ಅದರ ಅಂಕಿಯ ಬದಿ ಮೇಲಿದೆಯೋ ಕೆಳಗಿದೆಯೋ ದಂಡೆಯ ಮೇಲೆ ನಿಂತೇ ಹೇಳಲು ಬಂದರೆ ಅದು ನೀರು. ಬಾರದಿದ್ದರೆ ಅದು ಬಚ್ಚಲು ಎಂದು ಕಲಿಸಿದಳು. ನಾಲ್ಕು ವರ್ಷದ ಹಿಂದೆ ಕಾಯಿಲೆ ಬಿದ್ದು ತೀರಿಕೊಂಡಳು. ಈಜಿನ ಪಾಠ ನಿಂತಿತು, ನಾಣ್ಯ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಅವನು ನಾಣ್ಯ ಹಾಕುತ್ತಿದ್ದ, ನೋಡುತ್ತಿದ್ದ, ಉದ್ದ ಕೋಲಿನ ಬಲೆಯಿಂದ ಎತ್ತಿಕೊಳ್ಳುತ್ತಿದ್ದ. ಪ್ರಪಂಚದಲ್ಲಿ ಅವನು ಚೆನ್ನಾಗಿ ಮಾಡಬಲ್ಲ ಕೆಲಸ ಅದೊಂದೇ, ಅದು ಅವನಿಗೂ ಗೊತ್ತಿತ್ತು. ಅದರ ಮೇಲೆ ಹದಿನೆಂಟು ಲಾರಿ ಮಣ್ಣು.

ಮರುವಾರ ಗುಡ್ಡದಾಚೆಯ ಕಾಡಿಗೆ ಬೆಂಕಿ ಬಿತ್ತು.

ಮೊದಲ ದಿನ ಬರೀ ವಾಸನೆ. ಎರಡನೇ ದಿನ ಸೂರ್ಯ ತಾಮ್ರದ ಬಿಲ್ಲೆಯಾಗಿ, ಎದುರು ಮನೆ ಮಸುಕಾಗಿ, ಬೀದಿಯವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಳ್ಳರ ಹಾಗೆ ಓಡಾಡತೊಡಗಿದರು. ಮೂರನೇ ದಿನದಿಂದ ಬೂದಿ ಉದುರಿತು. ಸುಟ್ಟ ಎಲೆ ಎಲೆಯ ಆಕಾರದಲ್ಲೇ ತೇಲಿಬಂದು ನೀರಿನ ಮೇಲೆ ಕೂತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಬಾಮೈದ ಹುಚ್ಚು ಹಿಡಿದವನಂತೆ ದುಡಿದ. ಅರ್ಧ ಗಂಟೆಗೊಮ್ಮೆ ಬಲೆ ಎಳೆದ, ಫಿಲ್ಟರಿನ ಬುಟ್ಟಿ ಬರಿದು ಮಾಡಿದ, ಗೋಡೆಯ ಅಂಚಿಗೆ ಹತ್ತಿದ ಕಪ್ಪು ಪಟ್ಟಿಯನ್ನು ಬ್ರಷ್ಷಿನಿಂದ ತಿಕ್ಕಿದ. ಕೊಳದ ಕೆಲಸ ಮುಗಿದ ಮೇಲೆ ಅದೇ ಒದ್ದೆ ಬಟ್ಟೆಯಲ್ಲಿ ಗೇಟಿಗೆ ಹೋಗಿ ಕರೆಗಂಟೆ, ಟಪಾಲು ಡಬ್ಬಿ, ಅಕ್ಕ ಹಾಕಿಸಿದ್ದ ನೀಲಿ ತಗಡು ಎಲ್ಲವನ್ನೂ ಒರೆಸಿ ಬರುತ್ತಿದ್ದ. ಅಕ್ಕ ಇದ್ದಾಗಿನಿಂದ ಬಂದ ಅಭ್ಯಾಸ. ಒರೆಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಬೂದಿ ಕೂರುತ್ತಿತ್ತು, ಆದರೂ ಒರೆಸುತ್ತಿದ್ದ.

ನಾಲ್ಕನೇ ದಿನ ನಾಣ್ಯ ಹಾಕಿದಾಗ ಅಂಕಿ ಕಾಣಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅಳು ಬಂತು. ದಂಡೆಯ ಮೇಲೆ ಕೂತು ಸುಮ್ಮನೆ ನೀರನ್ನೇ ನೋಡಿದ. ಎಷ್ಟೋ ಹೊತ್ತು ನೋಡಿದ ಮೇಲೆ ಅಳು ನಿಂತು ತಲೆ ಓಡತೊಡಗಿತು. ನಾಣ್ಯ ಕಾಣದಿದ್ದರೆ ಇನ್ನೇನೇನು ಕಾಣದೆ ಇರಬಹುದು?

ಎದ್ದುಹೋಗಿ ಫಿಲ್ಟರ್ ನಿಲ್ಲಿಸಿದ.

ಭಾವನಿಗೆ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಹೇಳಿದ. ಹಾಳಾಗಲಿ ಬಿಡು, ಹೇಗೂ ಮುಚ್ಚುವುದೇ ಎಂದು ಭಾವ ರೇಡಿಯೋದ ಕಿವಿ ಹಿಂಡಿದ. ಭಾವನಿಗೆ ಆಗ ಒಂದೇ ಚಿಂತೆ: ಗುಡ್ಡದ ಮೇಲಿನ ನಲವತ್ತು ಜೇನುಪೆಟ್ಟಿಗೆ. ಬೆಂಕಿಯ ದಾರಿಗೆ ಅಡ್ಡ ನಿಂತ ಕಾವಲಿನವರು ಮೇಲೆ ಬಿಡುವುದಿಲ್ಲ ಎಂದಿದ್ದರು. ಇಡೀ ಬೀದಿಯ ಮುಂದೆ ಅವರನ್ನು ಬೈದು, ಇವತ್ತಲ್ಲ ನಾಳೆ ತಾನು ಹೋಗಿಯೇ ತೀರುತ್ತೇನೆ, ಯಾವನು ತಡೆಯುತ್ತಾನೋ ನೋಡುತ್ತೇನೆ ಎಂದು ಗಂಟಲು ಹರಿದುಕೊಂಡಿದ್ದ. ಹೋಗಿ ಹೊಗೆ ಹಾಕಿಸಿಕೊಳ್ಳಬೇಡಿ ಎಂದು ಎದುರು ಮನೆ ಟೀಚರ್ ಕೈಮುಗಿದು ಹೇಳಿದ್ದರು. ಬಾಮೈದ ಆ ಮಾತು ಕೇಳಿಸಿಕೊಂಡು ಒಳಗೊಳಗೇ ಟೀಚರಿಗೆ ಶಭಾಷ್ ಎಂದ. ಅರ್ಧ ಕೆಲಸವನ್ನು ಭಾವನ ಬಾಯಿಯೇ ಮಾಡಿಟ್ಟಿತ್ತು.

ಉಳಿದರ್ಧವನ್ನು ಅವನು ನೀರು ನೋಡುವ ತಾಳ್ಮೆಯಲ್ಲೇ ಯೋಚಿಸಿದ. ಹೆಣವನ್ನು ಗುಡ್ಡಕ್ಕೆ ಒಯ್ದು ಬೆಂಕಿಗೆ ಹಾಕಬಹುದಿತ್ತು. ಆದರೆ ಬೆಂಕಿ ಎಲ್ಲವನ್ನೂ ತಿನ್ನುವುದಿಲ್ಲ. ಉಳಿದದ್ದನ್ನು ಡಾಕ್ಟರು ಕುಯ್ದು ನೋಡಿದರೆ ಎದೆಯೊಳಗೆ ಹೊಗೆ ಇರಬೇಕಾದಲ್ಲಿ ನೀರು ಸಿಗುತ್ತದೆ. ಪಂಪ್ ರೂಮಿನ ನೆಲದಡಿ ಹೂಳಬಹುದಿತ್ತು; ಆದರೆ ಮನುಷ್ಯ ಕಾಣೆಯಾದ ವಾರದಲ್ಲೇ ಹೊಸ ಸಿಮೆಂಟು ಕಂಡರೆ ಪೊಲೀಸರಿಗೆ ಕೈ ಕಡಿಯುತ್ತದೆ. ಹಳೇ ಕೊಳ ಕಂಡರೆ ಯಾರಿಗೂ ಏನೂ ಅನಿಸುವುದಿಲ್ಲ. ಎರಡು ಮೂರು ವಾರ ಹೆಣ ನೀರಿನ ತಳದಲ್ಲಿರಲಿ. ಭಾವ ಬೆಂಕಿಗೆ ಸಿಕ್ಕಿ ಸತ್ತ ಎಂದು ಊರೆಲ್ಲ ಅತ್ತು ಮುಗಿಸಲಿ. ಆಮೇಲೆ ನಿಧಾನವಾಗಿ ಪಂಪಿನ ಅಡಿಪಾಯ ರಿಪೇರಿಯ ನೆವದಲ್ಲಿ ಹೆಣವನ್ನು ಅದರಡಿ ಹೂತು, ಹೊಸ ನೀರು ತುಂಬಿಸಿ, ಮತ್ತೆ ನಾಣ್ಯ ಹಾಕಬಹುದು. ಹೆಣ ಉಬ್ಬಿ ಮೇಲೆ ಬರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಹಳೇ ಪಂಪಿನ ಬೀಡು ಕಬ್ಬಿಣದ ಎರಡು ಚಕ್ರಗಳನ್ನು ಹುಡುಕಿ, ಹಗ್ಗ ಪೋಣಿಸಿ ಎತ್ತಿಟ್ಟ.

ದಿನವೂ ನಾಣ್ಯ ಹಾಕಿದ. ಆದರೆ ಈಗ ಕಾಣಲಿ ಎಂದಲ್ಲ. ಆರನೇ ದಿನ ನಾಣ್ಯದ ಹೊಳಪಷ್ಟೇ ಕಂಡಿತು. ಏಳನೇ ದಿನ ಅದೂ ಇಲ್ಲ. ಒಂಬತ್ತನೇ ದಿನ ನೀರು ಹಾಲಿಲ್ಲದ ಟೀಯ ಬಣ್ಣಕ್ಕೆ ತಿರುಗಿ, ಮೇಲೆ ಬೂದಿಯ ಕೆನೆ ಕಟ್ಟಿ, ಕೈ ಅದ್ದಿದರೆ ಬೆರಳ ತುದಿ ಕಾಣಲಿಲ್ಲ. ಇಷ್ಟು ಕೊಳಕು ಕೊಳವನ್ನು ಅವನು ಯಾವತ್ತೂ ಇಷ್ಟು ಎಚ್ಚರಿಕೆಯಿಂದ ಕಾಪಾಡಿರಲಿಲ್ಲ.

ಅವತ್ತೇ ಸಂಜೆ ಮೈಕಿನ ವ್ಯಾನು ಬಂದು ಹೇಳಿಹೋಯಿತು: ನಾಳೆ ಬೆಳಿಗ್ಗೆ ಹತ್ತರೊಳಗೆ ಬೀದಿ ಖಾಲಿ ಮಾಡಬೇಕು, ಎಲ್ಲರೂ ದೊಡ್ಡ ಶಾಲೆಯ ಸಭಾಂಗಣಕ್ಕೆ ಬರಬೇಕು.

ಬೆಳಿಗ್ಗೆ ಆರೂವರೆಗೆ ಬಾಮೈದ ಭಾವನಿಗೆ ಟೀ ಕೊಟ್ಟು, ಪೆಟ್ಟಿಗೆ ತರುವುದಾದರೆ ಇವತ್ತೇ ಕೊನೆ ಎಂದ. ಕಾವಲಿನವರೆಲ್ಲ ಬೀದಿ ಖಾಲಿ ಮಾಡಿಸುವ ಗಡಿಬಿಡಿಯಲ್ಲಿರುತ್ತಾರೆ, ಹಿಂದಿನ ಮಣ್ಣುದಾರಿಗೆ ಯಾರೂ ನಿಂತಿರುವುದಿಲ್ಲ. ಕಂಬಳಿ ಒದ್ದೆ ಮಾಡಿ ಪೆಟ್ಟಿಗೆ ಮೇಲೆ ಹೊದಿಸಿಕೊಂಡು ಬಂದರೆ ಕಿಡಿ ತಾಗುವುದಿಲ್ಲ. ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿದೆ, ಕೊಳದಲ್ಲೇ ಅದ್ದಿಬಿಡಿ ಭಾವ ಎಂದ. ಭಾವ ಅವನ ಮುಖ ನೋಡಿ, ನಿನಗೂ ಬುದ್ಧಿ ಇದೆಯಲ್ಲೋ ಎಂದ. ಅದು ಅವನ ಲೆಕ್ಕದಲ್ಲಿ ಹೊಗಳಿಕೆ.

ಆಳದ ಮೂಲೆಯಲ್ಲಿ ಭಾವ ಮಂಡಿಯೂರಿದ. ಭಾರೀ ಆಳು, ಕೂರುವುದಕ್ಕೂ ಏಳುವುದಕ್ಕೂ ಉಸಿರು ಬೇಕಾಗುತ್ತಿತ್ತು. ಎರಡೂ ಕೈಯಲ್ಲಿ ಕಂಬಳಿ ಹಿಡಿದು ಬೂದಿಯ ಕೆನೆ ಒಡೆದು ಅದ್ದಿದ.

"ಕೊನೆಗೂ ನಿನ್ನ ನೀರು ಒಂದು ಉಪಯೋಗಕ್ಕೆ ಬಂತಲ್ಲೋ ಕಪ್ಪೆ," ಎಂದ.

ಬಾಮೈದ ಬೆನ್ನಿಗೆ ಕಾಲಿಟ್ಟು ನೂಕಿದ. ಹೆಚ್ಚು ಬಲ ಬೇಕಾಗಲಿಲ್ಲ.

ಭಾವ ಮುಳುಗಿ, ಎದ್ದು, ಮುಖಕ್ಕೆಲ್ಲ ಬೂದಿ ಮೆತ್ತಿಕೊಂಡು ದಂಡೆಯ ಅಂಚು ಹಿಡಿದ. ಉದ್ದ ಕೋಲಿನ ತುದಿಗೆ ಬಾಮೈದ ಬಲೆ ಬಿಚ್ಚಿ ಬ್ರಷ್ಷು ಹಾಕಿಟ್ಟಿದ್ದ. ಅದರಿಂದ ಬೆರಳುಗಳನ್ನು ತಳ್ಳಿದ, ಗೋಡೆಗೆ ಹತ್ತಿದ ಪಾಚಿ ತಳ್ಳುವಂತೆ, ಅವಸರವಿಲ್ಲದೆ, ಒಂದು ಕೈ ಆದ ಮೇಲೆ ಇನ್ನೊಂದು. ಭಾವ ಬೇರೆ ಕಡೆ ಹಿಡಿದರೆ ಕೋಲು ಅಲ್ಲಿಗೆ ಹೋಗುತ್ತಿತ್ತು. ಮೊದಲು ಕಪ್ಪೆ ಎಂದು ಬೈದ. ಆಮೇಲೆ ಅವನ ನಿಜವಾದ ಹೆಸರು ಹಿಡಿದು ಕರೆದ, ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಭಾವನಿಗೆ ತನ್ನ ಹೆಸರು ನೆನಪಿದೆ ಎಂದು ತಿಳಿದು ಬಾಮೈದನಿಗೆ ನಿಜಕ್ಕೂ ಆಶ್ಚರ್ಯವಾಯಿತು. ಇನ್ನೊಂದು ಸಲ ಕರೆಯಲಿ ಎಂದು ಕೋಲನ್ನು ಸ್ವಲ್ಪ ಹಿಂದೆಳೆದ. ಭಾವ ಕರೆದ. ಕೇಳಿ ತೃಪ್ತಿಯಾದ ಮೇಲೆ ಬ್ರಷ್ಷನ್ನು ತಲೆಯ ಮೇಲಿಟ್ಟು ಒತ್ತಿದ.

ಗಡಿಯಾರದಲ್ಲಿ ಏಳು ನಿಮಿಷ. ನೀರು ಸುಮ್ಮನಾದ ಮೇಲೂ ಎರಡು ನಿಮಿಷ ಹೆಚ್ಚಿಗೆ ಹಿಡಿದ, ಕೆಲಸ ಅರ್ಧಕ್ಕೆ ಬಿಡುವವನಲ್ಲ ಅವನು.

ಹೆಣವನ್ನು ಕೊಕ್ಕೆಯಿಂದ ಮೆಟ್ಟಿಲ ಕಡೆ ಎಳೆದು, ಸೊಂಟದವರೆಗೆ ನೀರಿಗಿಳಿದು, ಅದೇ ಒದ್ದೆ ಕಂಬಳಿಯಲ್ಲಿ ಸುತ್ತಿ, ಕಬ್ಬಿಣದ ಚಕ್ರ ಕಟ್ಟಿ, ಇಳಿಜಾರಿನಲ್ಲಿ ಆಳದ ಕಡೆಗೆ ಜಾರಿಸಿದ. ನಾಲ್ಕು ಗುಳ್ಳೆ ಬಂದವು. ಒಡೆದ ಬೂದಿ ಅವನ ಕಣ್ಣೆದುರಿಗೇ ಮತ್ತೆ ಕೂಡಿಕೊಂಡಿತು. ಅಭ್ಯಾಸಬಲದಿಂದ ಜೇಬಿನ ನಾಣ್ಯ ತೆಗೆದು ಆಳಕ್ಕೆ ಹಾಕಿದ. ಏನೂ ಕಾಣಲಿಲ್ಲ. ಅಕ್ಕ ಇದ್ದಿದ್ದರೆ ಈ ನೀರು ನೋಡಿ ಕೆನ್ನೆಗೆ ಬಿಗಿಯುತ್ತಿದ್ದಳು ಎನ್ನಿಸಿ ಒಂದು ಗಳಿಗೆ ಮುಖ ಬಿಸಿಯಾಯಿತು. ಎಲ್ಲ ನಿನ್ನ ಕೊಳಕ್ಕಾಗಿಯೇ ಅಕ್ಕ ಎಂದುಕೊಂಡು ಬಟ್ಟೆ ಬದಲಿಸಲು ಹೋದ.

ಏಳೂವರೆಗೆ ಭಾವನ ಜೀಪು ಗೇಟು ದಾಟಿತು. ಒಳಗೆ ಕೂತವನ ಮೈಮೇಲೆ ಭಾವನ ದಪ್ಪ ಕೋಟು, ತಲೆಯ ಮೇಲೆ ಜೇನು ಬಿಡಿಸುವಾಗ ಹಾಕುವ ಜಾಲರಿ ಟೋಪಿ. ಎದುರು ಮನೆ ಟೀಚರ್ ಕಾರಿಗೆ ಸೂಟ್‌ಕೇಸು ತುಂಬುತ್ತಿದ್ದರು. ಬಾಮೈದ, ಭಾವ ದಿನಾ ಮಾಡುವಂತೆಯೇ, ಎರಡು ಸಲ ಹಾರ್ನ್ ಹೊಡೆದು, ಕೈಯನ್ನು ಕಿಟಕಿಯಿಂದಾಚೆ ಉದ್ದಕ್ಕೆ ಚಾಚಿ, ನೊಣ ಓಡಿಸುವವನಂತೆ ಬೀಸಿದ. ಹೋಗಬೇಡಿ ಎಂದು ಟೀಚರ್ ಕೂಗಿದ್ದು ಹೊಗೆಯಲ್ಲಿ ಹಿಂದುಳಿಯಿತು. ಮಣ್ಣುದಾರಿಯ ಕೊನೆಯಲ್ಲಿ ಬೆಂಕಿಯ ಸದ್ದು ಕೇಳುವಷ್ಟು ಹತ್ತಿರ ಜೀಪು ನಿಲ್ಲಿಸಿ, ಟೋಪಿ, ಕೋಟು, ಭಾವನ ಫೋನು ಎಲ್ಲ ಅದರಲ್ಲೇ ಬಿಟ್ಟು, ಒಣಗಿದ ಹಳ್ಳದ ಗುಂಟ ನಲವತ್ತು ನಿಮಿಷ ನಡೆದು ವಾಪಸು ಬಂದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಸಿಗಲಿಲ್ಲ. ಸಿಕ್ಕಿದ್ದರೂ ಆ ಹೊಗೆಯಲ್ಲಿ ಹೆತ್ತ ತಾಯಿಯೂ ಗುರುತು ಹಿಡಿಯುತ್ತಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು, ಎಲ್ಲವನ್ನೂ ಇನ್ನೊಮ್ಮೆ ತಲೆಯಲ್ಲಿ ಹಿಂದಿನಿಂದ ಮುಂದಕ್ಕೆ ಓಡಿಸಿದ. ಹೆಣ ಇಲ್ಲ. ಸಾಕ್ಷಿ ಇದೆ, ಅದೂ ಅವನ ಪರವಾಗಿ. ಕಾರಣ ಇದೆ, ಅದೂ ಭಾವನ ಬಾಯಿಂದಲೇ. ಎಲ್ಲೂ ಒಂದು ಎಳೆ ಹೊರಗೆ ಬಂದಿರಲಿಲ್ಲ. ಬಾಗಿಲು ಹಾಕಿ, ಒದ್ದೆ ಬಟ್ಟೆ ಹಿಡಿದು ಗೇಟಿನ ಹತ್ತಿರ ಹೋಗಿ ಕರೆಗಂಟೆ ಒರೆಸಿದ, ಟಪಾಲು ಡಬ್ಬಿ ಒರೆಸಿದ, ನೀಲಿ ತಗಡು ಒರೆಸಿದ. ಗಾಳಿ ನಿಂತಿತ್ತು, ಬೂದಿ ಬೀಳುವುದೂ ನಿಂತಿತ್ತು. ಬಹಳ ದಿನದ ಮೇಲೆ ಒರೆಸಿದ್ದು ಒರೆಸಿದಂತೆಯೇ ಉಳಿಯಿತು. ಶುಭ ಶಕುನ ಎನ್ನಿಸಿತು.

ಹತ್ತಕ್ಕೆ ಐದು ನಿಮಿಷ ಇರುವಾಗ ಸಭಾಂಗಣದಲ್ಲಿದ್ದ. ಕಂಡಕಂಡವರನ್ನೆಲ್ಲ, ನಮ್ಮ ಭಾವ ಬಂದರಾ ಎಂದು ಕೇಳಿದ. ಟೀಚರ್ ಅಳುತ್ತಾ ಬಂದು ಅವನ ಕೈ ಹಿಡಿದರು.

"ನಾನು ಕಣ್ಣಾರೆ ನೋಡಿದೆ. ಟೋಪಿ ಹಾಕ್ಕೊಂಡು ಮೇಲೆ ಹೋದ್ರು. ಕೂಗಿದೆ, ಕೇಳಲೇ ಇಲ್ಲ," ಎಂದರು.

"ನನ್ನ ಮಾತಂತೂ ಯಾವತ್ತು ಕೇಳಿದ್ರು ಟೀಚರ್?" ಎಂದ ಬಾಮೈದ. ಕಣ್ಣಲ್ಲಿ ಎರಡು ಹನಿ ನೀರೂ ಬಂತು. ಹತ್ತು ದಿನದ ಹೊಗೆಗೆ ಎಲ್ಲರ ಕಣ್ಣಲ್ಲೂ ಬರುತ್ತಿತ್ತು.

ಮಾರನೇ ದಿನ ಕಾವಲಿನವನೊಬ್ಬ ಬಂದು, ಮಣ್ಣುದಾರಿಯಲ್ಲಿ ಸುಟ್ಟು ಕರಕಲಾದ ಜೀಪು ಸಿಕ್ಕಿತೆಂದು ತಲೆ ತಗ್ಗಿಸಿ ಹೇಳಿದ. ಬೆಂಕಿ ತಣ್ಣಗಾಗುವ ತನಕ ಹುಡುಕುವುದು ಕಷ್ಟ, ಸಿಗುವುದು ಇನ್ನೂ ಕಷ್ಟ ಎಂದ. ಬೀದಿಯವರೆಲ್ಲ ಬಾಮೈದನ ಸುತ್ತ ಕೂತು ಭಾವನ ಗುಣಗಾನ ಮಾಡಿದರು. ಸತ್ತವನಿಗೆ ಇಷ್ಟೊಂದು ಒಳ್ಳೆಯ ಗುಣಗಳಿದ್ದವೆಂದು ಅವನಿಗೆ ಗೊತ್ತೇ ಇರಲಿಲ್ಲ. ಚಾಪೆಯ ಮೇಲೆ ಮಲಗಿ, ಮಕ್ಕಳ ಗಲಾಟೆಯ ನಡುವೆ, ವರ್ಷಗಳಲ್ಲೇ ಮಾಡದಂಥ ನಿದ್ದೆ ಮಾಡಿದ.

ಮೂರನೇ ದಿನ ಗಾಳಿ ತಿರುಗಿತು. ಬೆಂಕಿ ಗುಡ್ಡ ಇಳಿದು ಬೀದಿಯ ಕಡೆಗೇ ಬರುತ್ತಿದೆ ಎಂದು ಸಭಾಂಗಣದ ರೇಡಿಯೋ ಹೇಳಿತು. ಟೀಚರ್ ಮನೆಯ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಬಾಮೈದನಿಗೆ ಮಾತ್ರ ನಿರಾಳ. ಮನೆ ಸುಟ್ಟರೆ ಸುಡಲಿ, ಅವನದೇನು ಗಂಟು ಹೋಗುತ್ತದೆ? ಪ್ರಪಂಚದಲ್ಲಿ ಬೆಂಕಿಗೆ ಜಗ್ಗದ ವಸ್ತು ಒಂದಿದ್ದರೆ ಅದು ಅವನ ಕೊಳ. ಎಲ್ಲರ ಮುಖದಲ್ಲೂ ಇದ್ದ ಭಯವನ್ನು ತನ್ನ ಮುಖಕ್ಕೂ ಬಳಿದುಕೊಂಡು ಕೂತ.

ಸಂಜೆ ನಾಲ್ಕಕ್ಕೆ ಶಾಲೆಯ ಗುಮಾಸ್ತ ಮೈಕು ಹಿಡಿದು ವೇದಿಕೆ ಹತ್ತಿದ. ಬೀದಿ ಉಳಿದಿದೆ ಎಂದ. ಒಂದು ಮನೆಯೂ ಸುಟ್ಟಿಲ್ಲ. ಊರ ಕೊಳವೆಯಲ್ಲಿ ಹನಿ ನೀರಿಲ್ಲದೆ ಫೈರ್ ಇಂಜಿನ್‌ಗಳು ಬರಿಗೈಲಿ ನಿಂತಿದ್ದಾಗ, ಒಂದು ಮನೆಯ ಈಜುಕೊಳದಿಂದ ಎರಡು ಗಂಟೆ ನೀರು ಎಳೆದು ಬೆಂಕಿ ತಡೆದರಂತೆ. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಯಾರೋ ಬಾಮೈದನನ್ನು ಎಬ್ಬಿಸಿ ನಿಲ್ಲಿಸಿದರು. ಟೀಚರ್ ಅವನ ಎರಡೂ ಕೈ ಹಿಡಿದು, "ನಿನ್ನ ನೀರು ಇಡೀ ಬೀದಿಯ ಉಪಯೋಗಕ್ಕೆ ಬಂತಪ್ಪ," ಎಂದು ಕಣ್ಣಿಗೊತ್ತಿಕೊಂಡರು.

ಆ ಹೊಗೆಯಲ್ಲಿ, ಆಳೆತ್ತರದ ಗೋಡೆಯ ಹಿಂದೆ ಕೊಳ ಇದೆ ಎಂದು ಹೊರ ಊರಿನಿಂದ ಬಂದ ಫೈರಿನವರಿಗೆ ತಿಳಿದದ್ದು ಹೇಗೆ ಎಂದು ಬಾಮೈದ ಕೇಳಲೇ ಇಲ್ಲ, ಗುಮಾಸ್ತನೇ ಹೇಳಿದ. ಬೀದಿಯ ಅಷ್ಟೂ ಗೇಟುಗಳ ಫಲಕಗಳು ಬೂದಿಯಲ್ಲಿ ಮುಚ್ಚಿಹೋಗಿದ್ದವಂತೆ. ಓದಲು ಸಿಕ್ಕಿದ್ದು ಒಂದೇ ಒಂದು ನೀಲಿ ತಗಡು, ಈಗ ತಾನೇ ಒರೆಸಿದಂತೆ ಫಳಫಳ ಹೊಳೆಯುತ್ತಿತ್ತಂತೆ. 'ಇಲ್ಲಿ ಈಜುಕೊಳವಿದೆ, ತೊಂಬತ್ತು ಸಾವಿರ ಲೀಟರ್, ಬೆಂಕಿ ಬಿದ್ದರೆ ಕೇಳದೆ ಬಳಸಿ.' ಅಕ್ಕ ಬರೆಸಿದ ಅಕ್ಷರ, ಅವನೇ ಸ್ಕ್ರೂ ಬಿಗಿದ ತಗಡು, ವರ್ಷ ವರ್ಷ ಅವನೇ ಬಣ್ಣ ಹಚ್ಚಿದ್ದು. ದಿನಾ ಒರೆಸಿ ಒರೆಸಿ ಅದರಲ್ಲಿ ಏನು ಬರೆದಿದೆ ಎಂಬುದನ್ನು ಓದುವುದನ್ನೇ ಅವನು ಬಿಟ್ಟಿದ್ದ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಬಾಗಿಲಲ್ಲಿ ಇಬ್ಬರು ಪೊಲೀಸರ ನಡುವೆ ನಿಂತಿದ್ದ ಫೈರ್ ಆಫೀಸರ್ ಮಾತ್ರ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಅವನ ಪ್ಯಾಂಟು ಸೊಂಟದವರೆಗೂ ಒದ್ದೆಯಾಗಿ ಕಪ್ಪು ಹತ್ತಿತ್ತು. ಜನರನ್ನು ಸರಿಸಿಕೊಂಡು ಹತ್ತಿರ ಬಂದು, ಟೋಪಿ ತೆಗೆದು, ಬಾಮೈದನಿಗಷ್ಟೇ ಕೇಳುವಂತೆ, "ತಳದವರೆಗೂ ಎಳೆದ್ವಿ. ಕೊನೇಲಿ ಪೈಪಿನ ಬಾಯಿಗೆ ಒಂದು ಕಂಬಳಿ ಸಿಕ್ಕೊಳ್ತು. ಬಿಡಿಸೋಕೆ ನಾನೇ ಇಳಿದೆ," ಎಂದ.